ಬೋರ್ಡೊ ದ್ರಾಕ್ಷಿ ಸೀಮೆಯಲ್ಲಿ ಒಂದು ವಾರದ ನದಿ ಕ್ರೂಸ್: ಟಿಕೆಟ್‌ನಿಂದ ಬಾಟಲಿವರೆಗೆ

ಮೊದಲೇ ಹೇಳಿಬಿಡುತ್ತೇನೆ, ಫ್ರಾನ್ಸ್‌ನ ಬೋರ್ಡೊದ ನದಿ ನೀಲಿ ಅಲ್ಲ. ಹಾಲು ಹಾಕಿದ ಚಹಾದ ಬಣ್ಣ ಅದಕ್ಕೆ. ಬ್ರೋಷರ್ ಚಿತ್ರ ನಂಬಿಕೊಂಡು ಹೋದ ನಾನು ಮೊದಲ ದಿನ ಡೆಕ್ ಮೇಲೆ ನಿಂತು, ‘ಇಷ್ಟು ದುಡ್ಡು ಸುರಿದು ಬಂದಿದ್ದು ಈ ಕೆಸರು ನೀರು ನೋಡೋಕಾ’ ಅಂದುಕೊಂಡೆ. ಸಂಜೆ ಇನ್ನೊಂದು ವಿಚಿತ್ರ ಕಂಡಿತು. ಬೆಳಿಗ್ಗೆ ಬಲಕ್ಕೆ ಹರಿಯುತ್ತಿದ್ದ ನದಿ ಈಗ ಎಡಕ್ಕೆ ಹರಿಯುತ್ತಿತ್ತು! ಹಡಗಿನ ಹುಡುಗನನ್ನು ಕೇಳಿದೆ. ಕಡಲಿನ ಉಬ್ಬರ ಅಂತ ನಕ್ಕ. ಕಡಲು ಅಲ್ಲಿಂದ ಸುಮಾರು 100 ಕಿ.ಮೀ. ದೂರ.

ಈ ಉಬ್ಬರ ಇಳಿತ ಅರ್ಥವಾದರೆ ಪ್ರವಾಸದ ಮುಕ್ಕಾಲು ಪಾಲು ಅರ್ಥವಾದಂತೆ. ನೀರು ಯಾಕೆ ಕೆಸರು, ಹಡಗು ಯಾಕೆ ಅಪರಾತ್ರಿಯಲ್ಲಿ ಹೊರಡುತ್ತದೆ, ಈ ಊರಿನ ವೈನ್ ಯಾಕೆ ಲೋಕವೆಲ್ಲ ಸುತ್ತಿತು, ಎಲ್ಲಕ್ಕೂ ಬೇರು ಅಲ್ಲೇ ಇದೆ. ಹಾಗಾಗಿ ಇಲ್ಲಿ ವೈನ್‌ಗಿಂತ ಮೊದಲು ನೀರಿನ ಮಾತು. ಕುಡಿಯದವರೂ ಧೈರ್ಯವಾಗಿ ಓದಬಹುದು. ನನ್ನ ಜೊತೆ ಬಂದಿದ್ದ ಅಕ್ಕ ಇಡೀ ವಾರ ಒಂದು ಹನಿ ಮುಟ್ಟಲಿಲ್ಲ, ಆದರೂ ನನಗಿಂತ ಜಾಸ್ತಿ ಖುಷಿಪಟ್ಟಳು.

ಹೆಜ್ಜೆ 1: ಟಿಕೆಟ್‌ಗೂ ಮುಂಚೆ ನಕ್ಷೆ

ಒಂದು ಹಾಳೆ ತೆಗೆದುಕೊಂಡು ಇಂಗ್ಲಿಷಿನ ವೈ ಅಕ್ಷರವನ್ನು ಎಡಕ್ಕೆ ವಾಲಿಸಿ ಬರೆಯಿರಿ. ಎರಡು ಕೈಗಳಲ್ಲಿ ಕೆಳಗಿನದು ಗರೋನ್ ನದಿ, ಮೇಲಿನದು ದೊರ್ದೋನ್ ನದಿ. ಬೋರ್ಡೊ ನಗರ ಇರುವುದು ಗರೋನ್ ದಂಡೆಯಲ್ಲಿ. ನಗರ ದಾಟಿ ಸ್ವಲ್ಪ ಮುಂದೆ ಹೋದರೆ ಎರಡೂ ನದಿ ಕೂಡುತ್ತವೆ. ನಮ್ಮ ಕೂಡಲಿಯಲ್ಲಿ ತುಂಗೆ, ಭದ್ರೆ ಕೂಡಿದ ಮೇಲೂ ಎರಡು ಹೆಸರೂ ಉಳಿಯುತ್ತವೆ. ಇಲ್ಲಿ ಎರಡೂ ಹೆಸರು ಹೋಗಿ ಜಿರೋಂದ್ ಆಗುತ್ತದೆ. ಜಿರೋಂದ್ ನದಿಯಲ್ಲ, ಅಳಿವೆ, ಅಂದರೆ ನದಿ ಕಡಲು ಸೇರುವ ಅಗಲ ಬಾಯಿ. ಸುಮಾರು 75 ಕಿ.ಮೀ. ಉದ್ದದ, ಪಶ್ಚಿಮ ಯೂರೋಪಿನಲ್ಲೇ ಅತಿ ದೊಡ್ಡ ಅಳಿವೆ. ದಿನಕ್ಕೆ ಎರಡು ಸಲ ಅಟ್ಲಾಂಟಿಕ್ ಕಡಲು ಇದರೊಳಗೆ ನುಗ್ಗುತ್ತದೆ, ಎರಡು ಸಲ ವಾಪಸ್ ಹೋಗುತ್ತದೆ. ಹೀಗೆ ಕಲಕುತ್ತಲೇ ಇರುವುದರಿಂದ ಹೂಳು ತಳ ಸೇರುವುದಿಲ್ಲ. ಬಣ್ಣಕ್ಕೆ ಕಾರಣ ಇಷ್ಟೇ, ನೀರು ಕೊಳಕಾಗಿದೆ ಅಂತಲ್ಲ.

ಈಗ ಕಡಲಿನ ಕಡೆ ಮುಖ ಮಾಡಿ ನಿಲ್ಲಿ. ನಿಮ್ಮ ಎಡಗೈ ಕಡೆ ಮೆಡಾಕ್ ಸೀಮೆ. ನದಿ ತಂದು ಹಾಕಿದ ಜಲ್ಲಿಕಲ್ಲಿನ ನೆಲ ಅದು. ಜಲ್ಲಿ ಬೇಗ ನೀರು ಬಸಿಯುತ್ತದೆ, ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿಗೆ ಇಂಥ ಬೆಚ್ಚಗಿನ ನೆಲವೇ ಬೇಕು. ಮೆಡಾಕ್‌ನ ಬಹುಪಾಲು ಒಂದು ಕಾಲಕ್ಕೆ ಜೌಗು. 17ನೇ ಶತಮಾನದಲ್ಲಿ ಡಚ್ ಎಂಜಿನಿಯರ್‌ಗಳು ಕಾಲುವೆ ತೋಡಿ ನೀರು ಬಸಿದ ಮೇಲೆ ಇಲ್ಲಿ ದ್ರಾಕ್ಷಿ ಹಬ್ಬಿತು. ಬಲಗೈ ಕಡೆ, ದೊರ್ದೋನ್ ಆಚೆ, ಸೇಂತ್ ಎಮಿಲಿಯೋಂ ಮತ್ತು ಪೊಮೆರೋಲ್. ಅಲ್ಲಿ ತಂಪು ಜೇಡಿ, ಸುಣ್ಣಕಲ್ಲು. ಅದು ಮೆರ್ಲೊ ದ್ರಾಕ್ಷಿಯ ರಾಜ್ಯ. ಎರಡು ನದಿಗಳ ನಡುವಿನ ತುಂಡಿಗೆ ಆಂತ್ರ್ ದ ಮೇರ್ ಅಂತ ಹೆಸರು, ಅಂದರೆ ‘ಎರಡು ಕಡಲ ನಡುವೆ’. ಉಬ್ಬರ ಅಷ್ಟು ಒಳಗೆ ಬರುವುದರಿಂದ ಅಲ್ಲಿನವರಿಗೆ ಎರಡೂ ನದಿ ಕಡಲಾಗಿಯೇ ಕಂಡಿವೆ.

ಎಡದಂಡೆ, ಬಲದಂಡೆ ಅನ್ನುವ ಈ ಎರಡು ಪದ ತಲೆಯಲ್ಲಿದ್ದರೆ ಸಾಕು. ಹಡಗಿನಲ್ಲಿ ಗೈಡ್ ಹೇಳುವುದರಲ್ಲಿ ಅರ್ಧ ಇದರ ಮೇಲೇ ನಿಂತಿರುತ್ತದೆ.

ಹೆಜ್ಜೆ 2: ಹಡಗು ಆರಿಸುವುದು

ವೈಕಿಂಗ್, ಯೂನಿವರ್ಲ್ಡ್, ಅಮಾವಾಟರ್‌ವೇಸ್, ಫ್ರೆಂಚರದೇ ಆದ ಕ್ರೊಯಿಸಿಯೂರೋಪ್, ಹೀಗೆ ಕೆಲವು ಕಂಪನಿಗಳು ಇಲ್ಲಿ ಹಡಗು ಓಡಿಸುತ್ತವೆ. ಸಾಮಾನ್ಯವಾಗಿ 7 ರಾತ್ರಿ, ಬೋರ್ಡೊದಲ್ಲಿ ಹತ್ತಿ ಬೋರ್ಡೊದಲ್ಲೇ ಇಳಿಯುವುದು. ಬೆಲೆ ಒಂದು ತಲೆಗೆ ಸುಮಾರು 1,500 ಯೂರೋದಿಂದ ಶುರುವಾಗಿ 5,000 ದಾಟಿ ಹೋಗುತ್ತದೆ. ಕಡಿಮೆ ಬೆಲೆಯ ಹಡಗಿನಲ್ಲಿ ಭಾಷೆ ಯಾವುದು ಅಂತ ಕೇಳಿಕೊಳ್ಳಿ. ಪ್ರಯಾಣಿಕರು ಬಹುಪಾಲು ಫ್ರೆಂಚರಾದರೆ ವಿವರಣೆಯೂ ಫ್ರೆಂಚಿನಲ್ಲೇ ನಡೆಯಬಹುದು.

ಒಂದು ಸತ್ಯ ಹೇಳಬೇಕು. ದೂರದ ಲೆಕ್ಕದಲ್ಲಿ ಈ ಕ್ರೂಸ್ ತುಂಬಾ ಚಿಕ್ಕದು. ಬೋರ್ಡೊದಿಂದ ಹಡಗು ನಿಲ್ಲುವ ಪೊಯಾಕ್ ಬಂದರಿಗೆ ರಸ್ತೆಯಲ್ಲಿ 50 ಕಿ.ಮೀ. ಆಸುಪಾಸು. ಹಡಗು ಓಡುವುದಕ್ಕಿಂತ ದಡಕ್ಕೆ ಕಟ್ಟಿಕೊಂಡು ನಿಲ್ಲುವುದೇ ಜಾಸ್ತಿ, ತೋಟಗಳಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ದಿನವಿಡೀ ಡೆಕ್ ಮೇಲೆ ಕೂತು ಹಳ್ಳಿಗಳು ಹಿಂದೆ ಸರಿಯುವುದನ್ನು ನೋಡಬೇಕು ಅನ್ನುವವರಿಗೆ ಲಿಯೋಂದಿಂದ ಆವಿನ್ಯೋಂವರೆಗಿನ ರೋನ್ ನದಿಯ ಪ್ರಯಾಣ ವಾಸಿ. ಬೋರ್ಡೊ ಸೇರುವುದು ಒಂದೇ ಸೀಮೆಯನ್ನು ನಿಧಾನವಾಗಿ ನೋಡುವವರಿಗೆ.

ಹಣ ಕಟ್ಟುವ ಮುಂಚೆ ದಿನಗಳ ಪಟ್ಟಿ ತರಿಸಿಕೊಂಡು ನಾಲ್ಕು ವಿಷಯ ನೋಡಿ. ಎರಡೂ ದಂಡೆ ಇದೆಯಾ? ಸಿಹಿ ವೈನಿನ ಸೊತೆರ್ನ್ ಸೀಮೆ ಇದೆಯಾ? ಸೇಂತ್ ಎಮಿಲಿಯೋಂನಲ್ಲಿ ಎಷ್ಟು ಗಂಟೆ ಬಿಡುತ್ತಾರೆ? ಎರಡು ಗಂಟೆಗಿಂತ ಕಡಿಮೆ ಅಂದರೆ ಅದು ಬರೀ ಫೋಟೊಗೆ. ಇನ್ನೊಂದು, ತೋಟಗಳ ಭೇಟಿ ಟಿಕೆಟ್ಟಿನಲ್ಲೇ ಸೇರಿದೆಯಾ ಅಥವಾ ಬೇರೆ ದುಡ್ಡಾ? ಅಗ್ಗ ಅನ್ನಿಸಿದ ಹಡಗು ದುಬಾರಿಯಾಗುವುದು ಇಲ್ಲೇ.

ಕ್ಯಾಬಿನ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲರೂ ಬಾಲ್ಕನಿ ಇರುವುದನ್ನೇ ತಗೊಳ್ಳಿ ಅನ್ನುತ್ತಾರೆ. ಕೆಳ ಅಂತಸ್ತಿನಲ್ಲಿ ನೀರಿನ ಮಟ್ಟಕ್ಕೆ ಹತ್ತಿರ ಒಂದು ಸಣ್ಣ ಕಿಟಕಿ, ಅದೂ ತೆರೆಯುವುದಿಲ್ಲ, ನಿಜ. ಆದರೆ ನಿದ್ದೆ ಬಿಟ್ಟರೆ ಕ್ಯಾಬಿನ್‌ನಲ್ಲಿ ಎಷ್ಟು ಹೊತ್ತು ಇರುತ್ತೀರಿ? ನಾವು ಕೆಳಗಿನದನ್ನೇ ತೆಗೆದುಕೊಂಡು, ಉಳಿದ ದುಡ್ಡಿನಲ್ಲಿ ಬೋರ್ಡೊ ನಗರದಲ್ಲಿ ಎರಡು ದಿನ ಹೆಚ್ಚಿಗೆ ಉಳಿದೆವು. ಹಿಂಭಾಗದ ಕ್ಯಾಬಿನ್ ಮಾತ್ರ ಬೇಡ ಅನ್ನಿ, ಎಂಜಿನ್ ಸದ್ದು ಅಲ್ಲಿ ಜಾಸ್ತಿ. ಒಬ್ಬರೇ ಹೋಗುವವರು ಒಂಟಿ ಕ್ಯಾಬಿನ್‌ಗೆ ಎಷ್ಟು ಹೆಚ್ಚುವರಿ ಅಂತ ಮೊದಲೇ ಕೇಳಿ, ಕೆಲವು ಕಡೆ ಹೆಚ್ಚುಕಡಿಮೆ ಎರಡು ಟಿಕೆಟ್ಟಿನ ದುಡ್ಡಾಗುತ್ತದೆ.

ಹೆಜ್ಜೆ 3: ಯಾವ ತಿಂಗಳು

ಹಡಗುಗಳು ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಓಡುತ್ತವೆ. ಏಪ್ರಿಲ್ ಶುರುವಿನಲ್ಲಿ ಹೋದರೆ ಸಿಗುವುದು ಬೋಳು ಬಳ್ಳಿ. ಜುಲೈ, ಆಗಸ್ಟ್‌ನಲ್ಲಿ ತೋಟ ಹಸಿರು, ಆದರೆ ಬಿಸಿಲು ಕೆಲವು ದಿನ ನಮ್ಮ ಕಲಬುರಗಿಯನ್ನು ನೆನಪಿಸುತ್ತದೆ. ಕೊಯ್ಲು ಸೆಪ್ಟೆಂಬರ್‌ನಿಂದ ಅಕ್ಟೋಬರ್. ನನ್ನ ಆಯ್ಕೆ ಸೆಪ್ಟೆಂಬರ್ ಕೊನೆಯ ಎರಡು ವಾರ. ಕೊಯ್ಲಿನ ಗಡಿಬಿಡಿಯಲ್ಲಿ ಕೆಲವು ತೋಟದವರು ಹೊರಗಿನವರನ್ನು ಬಿಡುವುದಿಲ್ಲ, ಆದರೆ ಬಿಟ್ಟವರಲ್ಲಿ ಹುದುಗುವ ದ್ರಾಕ್ಷಿ ರಸದ ವಾಸನೆ ಬಾಗಿಲಲ್ಲೇ ಮೂಗಿಗೆ ಹೊಡೆಯುತ್ತದೆ.

ದಿನ ಗೊತ್ತು ಮಾಡುವಾಗ ಪಂಚಾಂಗ ತೆಗೆಯಿರಿ. ತಮಾಷೆ ಅಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಜೋರು. ನದಿಯಲ್ಲಿ ನೀರು ಕಡಿಮೆ ಇರುವ ಬೇಸಿಗೆ ಕೊನೆಯಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಒಳನುಗ್ಗುವ ಕಡಲು ಒಂದು ಸಾಲು ಅಲೆಯಾಗಿ ಎದ್ದು ನದಿಗೆ ಎದುರಾಗಿ ಓಡುತ್ತದೆ. ಅದಕ್ಕೆ ಮಸ್ಕಾರೆ ಅಂತ ಹೆಸರು. ದೊರ್ದೋನ್ ಮೇಲೆ ಸೇಂ ಪಾರ್ದೋಂ ಅನ್ನುವ ಹಳ್ಳಿಯಲ್ಲಿ ಸರ್ಫಿಂಗ್ ಹಲಗೆ ಹಿಡಿದ ಹುಡುಗರು ನದಿಯಲ್ಲಿ ಅಲೆಗಾಗಿ ಕಾಯುತ್ತಾರೆ. ಅದೇ ನದಿ ದಂಡೆಯ ಲಿಬೂರ್ನ್ ಊರಿನಲ್ಲಿ ಹಡಗು ನಿಂತ ದಿನ ಉಬ್ಬರದ ಹೊತ್ತು ಕೂಡಿಬಂದರೆ ಟ್ಯಾಕ್ಸಿ ಮಾಡಿಕೊಂಡು ಹೋಗಿ ನೋಡಬಹುದು.

ಹೆಜ್ಜೆ 4: ವೀಸಾ ಮತ್ತು ಹಣ

ಇದು ಬೇಸರದ ಭಾಗ, ಬೇಗ ಮುಗಿಸೋಣ. ಬೇಕಾಗುವುದು ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಫ್ರಾನ್ಸ್‌ನ ಅರ್ಜಿ ಬೆಂಗಳೂರಿನಲ್ಲೇ ವಿಎಫ್‌ಎಸ್ ಕೇಂದ್ರದಲ್ಲಿ ಕೊಡಬಹುದು. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, 15 ದಿನದೊಳಗೆ ಬಂದಮೇಲೆ ಹಾಕುವ ಹಾಗಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೋ, ಅದರ ಮೇಲೆ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ವಾಪಸ್ ಬರುವ ದಿನದಿಂದ ಇನ್ನೂ 3 ತಿಂಗಳು ಚಾಲ್ತಿ ಇರಬೇಕು, ಎರಡು ಹಾಳೆ ಖಾಲಿ ಇರಬೇಕು.

ಉಳಿಯುವ ಜಾಗ ಯಾವುದು ಅನ್ನುವಲ್ಲಿ ಕ್ರೂಸ್ ಬುಕಿಂಗ್ ಪತ್ರ ಕೊಡಿ. ಅದರಲ್ಲಿ ನಿಮ್ಮೆಲ್ಲರ ಹೆಸರು, ಹತ್ತುವ ಇಳಿಯುವ ದಿನ ಇರಬೇಕು. ಹಡಗಿಗೆ ಮುಂಚೆ, ಆಮೇಲೆ ಇರುವ ರಾತ್ರಿಗಳಿಗೆ ಹೋಟೆಲ್ ಪತ್ರ ಬೇರೆ. ನಡುವೆ ಒಂದು ರಾತ್ರಿಯೂ ಖಾಲಿ ಬಿಡಬೇಡಿ. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಮೂರು ತಿಂಗಳ ಮುಂಚೆಯೇ ಕೈ ಹಾಕಿ. ಕ್ರೂಸ್ ಬುಕ್ ಮಾಡುವಾಗ ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸ್ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ, ಬಾಯಿಮಾತು ಬೇಡ.

ಇಲ್ಲಿನ ಏಜೆಂಟರ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ಅದು ಕಳೆದುಹೋದ ಹಣವಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ಕಟ್ಟುವ ದಿನ ಕೈಯಲ್ಲಿರಬೇಕು ಅಷ್ಟೆ.

ಹೆಜ್ಜೆ 5: ಬೋರ್ಡೊ ತಲುಪುವುದು

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನ ಇದೆ. ಅಲ್ಲಿಂದ ಇನ್ನೊಂದು ವಿಮಾನ ಹಿಡಿಯುವ ಬದಲು ರೈಲು ಹತ್ತಿ. ಪ್ಯಾರಿಸ್ ಮೋಂಪಾರ್ನಾಸ್ ನಿಲ್ದಾಣದಿಂದ ಬೋರ್ಡೊ ಸೇಂ ಜಾನ್ ನಿಲ್ದಾಣಕ್ಕೆ ಟಿಜಿವಿ ಅನ್ನುವ ಅತಿವೇಗದ ರೈಲಿನಲ್ಲಿ ಸುಮಾರು 2 ಗಂಟೆ. 2017ರಲ್ಲಿ ಹೊಸ ಹಳಿ ಬಂದ ಮೇಲೆ ಇಷ್ಟು ಬೇಗ. ಪ್ಯಾರಿಸ್ ವಿಮಾನ ನಿಲ್ದಾಣದೊಳಗಿಂದಲೇ ಹೊರಡುವ ಕೆಲವು ನೇರ ರೈಲುಗಳೂ ಇವೆ, ಹೊತ್ತು ನಿಧಾನ, ಆದರೆ ಸೂಟ್‌ಕೇಸ್ ಎಳೆದುಕೊಂಡು ಊರು ದಾಟುವುದು ತಪ್ಪುತ್ತದೆ. ವಿಮಾನ ಇಳಿದ ಮೇಲೆ ಕನಿಷ್ಠ ಮೂರು ಗಂಟೆ ಬಿಟ್ಟುಕೊಂಡು ರೈಲು ಬುಕ್ ಮಾಡಿ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆಯುವ ಹೊಸ ವ್ಯವಸ್ಥೆ ಶುರುವಾಗಿದೆ, ಸಾಲು ಉದ್ದ ಇರಬಹುದು.

ಹಡಗು ಹತ್ತುವ ದಿನವೇ ಬೋರ್ಡೊ ತಲುಪುವ ಸಾಹಸ ಬೇಡ. ಒಂದು ದಿನ ಮುಂಚೆ ಬನ್ನಿ. ಆ ಸಂಜೆ ಬೂರ್ಸ್ ಚೌಕದ ಎದುರಿನ ನೀರ ಕನ್ನಡಿಗೆ ಹೋಗಿ. ಕಲ್ಲು ಹಾಸಿನ ಮೇಲೆ ಬೆರಳು ಮುಳುಗುವಷ್ಟೂ ಇಲ್ಲದ ನೀರು, ಅದರಲ್ಲಿ 18ನೇ ಶತಮಾನದ ಇಡೀ ಕಟ್ಟಡ ತಲೆಕೆಳಗಾಗಿ ನಿಂತಿರುತ್ತದೆ. ಮಕ್ಕಳೆಲ್ಲ ಒದ್ದೆಯಾಗಿ ಓಡುತ್ತಿರುತ್ತಾರೆ, ನೀವೂ ಚಪ್ಪಲಿ ಬಿಚ್ಚಿ ಇಳಿಯಬಹುದು.

ಹೆಜ್ಜೆ 6: ಊರೂರಲ್ಲಿ ಏನು ನೋಡುವುದು

ಹಡಗಿನಿಂದ ಹಡಗಿಗೆ ಕ್ರಮ ಬೇರೆ, ಊರುಗಳು ಹೆಚ್ಚುಕಡಿಮೆ ಇವೇ. ಕ್ರಮವನ್ನು ಕಂಪನಿ ಮಾತ್ರ ಬರೆಯುವುದಿಲ್ಲ, ಕಡಲೂ ಬರೆಯುತ್ತದೆ. ಹೊರಡುವ ಹೊತ್ತು ಬದಲಾದರೆ ಸಿಟ್ಟಾಗಬೇಡಿ.

ಅದಕ್ಕೆ ಒಳ್ಳೆಯ ಉದಾಹರಣೆ ಕಾದಿಯಾಕ್ ಅನ್ನುವ ಊರಿಗೆ ಹೋಗುವ ದಾರಿ. ಗರೋನ್ ಮೇಲೆ ಮೇಲ್ಮುಖವಾಗಿ ಹೋಗಬೇಕಾದರೆ ಬೋರ್ಡೊದ ಹಳೆಯ ಕಲ್ಲು ಸೇತುವೆ ಕೆಳಗೆ ನುಸುಳಬೇಕು. 1822ರಲ್ಲಿ ಮುಗಿದ ಈ ಸೇತುವೆಗೆ 17 ಕಮಾನು. ಕಟ್ಟಲು ಹೇಳಿದ ನೆಪೋಲಿಯನ್ ಬೋನಾಪಾರ್ಟ್ ಹೆಸರಿನ ಅಕ್ಷರಗಳೂ ಫ್ರೆಂಚಿನಲ್ಲಿ 17 ಅಂತ ಊರಿನವರು ಎಣಿಸಿ ತೋರಿಸುತ್ತಾರೆ. ನೀರು ತೀರಾ ಏರಿದ್ದರೆ ಹಡಗಿನ ತಲೆ ತಾಗುತ್ತದೆ, ತೀರಾ ಇಳಿದಿದ್ದರೆ ತಳಕ್ಕೆ ಭಯ. ಸರಿಯಾದ ಹೊತ್ತಿಗೆ ಕಾದು, ಡೆಕ್ ಮೇಲಿನ ಕಂಬ ಕಟಾಂಜನ ಮಡಚಿ, ನಿಧಾನಕ್ಕೆ ತೂರಿಸುತ್ತಾರೆ. ಅದು ಬೆಳಗಿನ ಜಾವ ಆದರೂ ಎದ್ದು ನೋಡಿ. ನನಗೆ ಇಡೀ ವಾರದಲ್ಲಿ ಉಸಿರು ಬಿಗಿಹಿಡಿದ ಐದು ನಿಮಿಷ ಅದು.

ಕಾದಿಯಾಕ್ ಎದುರಿನ ದಂಡೆಯ ಕಡೆ ಸೊತೆರ್ನ್ ಸೀಮೆ. ಇಲ್ಲಿನ ಸಿಹಿ ವೈನ್ ಹುಟ್ಟುವುದು ಬೂಷ್ಟಿನಿಂದ! ಸಿರೋಂ ಅನ್ನುವ ತಂಪು ಹೊಳೆ ಬೆಚ್ಚಗಿನ ಗರೋನ್‌ಗೆ ಸೇರುವ ಜಾಗದಲ್ಲಿ ಶರತ್ಕಾಲದ ಬೆಳಿಗ್ಗೆ ಮಂಜು ಏಳುತ್ತದೆ. ಆ ತೇವಕ್ಕೆ ದ್ರಾಕ್ಷಿ ಮೇಲೆ ಬೊಟ್ರೈಟಿಸ್ ಅನ್ನುವ ಬೂಷ್ಟು ಕೂರುತ್ತದೆ. ಮಧ್ಯಾಹ್ನದ ಬಿಸಿಲು ಬಂದು ಅದು ಪೂರ್ತಿ ಕೊಳೆಯದಂತೆ ತಡೆಯುತ್ತದೆ. ಬೂಷ್ಟು ಸಿಪ್ಪೆ ತೂತು ಮಾಡಿ ನೀರು ಆರಿಸುತ್ತದೆ, ಸಿಹಿ ಗಟ್ಟಿಯಾಗುತ್ತದೆ. ಎಲ್ಲ ಹಣ್ಣಿಗೂ ಒಟ್ಟಿಗೆ ಬೂಷ್ಟು ಬರುವುದಿಲ್ಲವಾದ್ದರಿಂದ ಒಂದೇ ಬಳ್ಳಿಗೆ ಹಲವು ಸಲ ಬಂದು ಆಯ್ದು ಕೊಯ್ಯುತ್ತಾರೆ. ಇಲ್ಲಿನ ದೊಡ್ಡ ಹೆಸರಾದ ಶಾತೊ ದಿಕೆಮ್ ತೋಟದಲ್ಲಿ ಒಂದು ಬಳ್ಳಿಗೆ ಒಂದು ಗ್ಲಾಸ್ ವೈನ್ ಅನ್ನುವ ಲೆಕ್ಕ ಹೇಳುತ್ತಾರೆ. ಬೆಲೆ ಕೇಳಿ ಬೆಚ್ಚುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಪೊಯಾಕ್ ಎಡದಂಡೆಯ ಸಣ್ಣ ಬಂದರು. 1855ರಲ್ಲಿ ಪ್ಯಾರಿಸ್‌ನ ದೊಡ್ಡ ಪ್ರದರ್ಶನಕ್ಕಾಗಿ ಫ್ರಾನ್ಸ್‌ನ ಚಕ್ರವರ್ತಿ ಮೂರನೇ ನೆಪೋಲಿಯನ್ ಬೋರ್ಡೊ ವೈನ್‌ಗಳ ದರ್ಜೆ ಪಟ್ಟಿ ಕೇಳಿದ. ದಲ್ಲಾಳಿಗಳು ರುಚಿ ನೋಡುತ್ತಾ ಕೂರಲಿಲ್ಲ, ಮಾರುಕಟ್ಟೆಯಲ್ಲಿ ಯಾವುದಕ್ಕೆ ಎಷ್ಟು ಬೆಲೆ ಬರುತ್ತಿತ್ತೋ ಅದನ್ನೇ ಮುಂದಿಟ್ಟುಕೊಂಡು ಐದು ದರ್ಜೆ ಮಾಡಿಕೊಟ್ಟರು. ಆ ಪಟ್ಟಿ ಇವತ್ತಿಗೂ ನಡೆಯುತ್ತಿದೆ. ದೊಡ್ಡ ಬದಲಾವಣೆ ಅಂತ ಆಗಿದ್ದು 1973ರಲ್ಲಿ ಮೂಟೋಂ ರೋತ್‌ಶೀಲ್ಡ್ ಅನ್ನುವ ತೋಟ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು. ಮೊದಲ ದರ್ಜೆಯ ಐದರಲ್ಲಿ ಮೂರು, ಅಂದರೆ ಲಫೀತ್, ಲತೂರ್, ಮೂಟೋಂ, ಈ ಪುಟ್ಟ ಪೊಯಾಕ್‌ನಲ್ಲೇ ಇವೆ. ಹಡಗಿನ ಬಸ್ ಇವುಗಳ ಗೇಟಿನ ಮುಂದೆ ಹಾದುಹೋಗುತ್ತದೆ, ಒಳಗೆ ಕರೆದುಕೊಂಡು ಹೋಗುವುದು ಸಾಮಾನ್ಯವಾಗಿ ಬೇರೆ ತೋಟಕ್ಕೆ. ಅದರಲ್ಲಿ ನಷ್ಟವೇನಿಲ್ಲ. ಸಣ್ಣ ತೋಟದಲ್ಲಿ ಯಜಮಾನನೇ ಬಂದು ಪೀಪಾಯಿ ತೋರಿಸುತ್ತಾನೆ. ಒಂದು ಪೀಪಾಯಿ 225 ಲೀಟರ್, ಅಂದರೆ 300 ಬಾಟಲಿ. ಹಿಂದೆ ಹಡಗಿಗೆ ಎಷ್ಟು ಪೀಪಾಯಿ ಹಿಡಿಯುತ್ತದೆ ಅಂತಲೇ ಅಳತೆ. ನಾವು ಸಿಮೆಂಟು, ಕಬ್ಬು ತೂಗುವ ‘ಟನ್’ ಅನ್ನುವ ಪದದ ಮೂಲವೂ ವೈನ್ ತುಂಬುವ ಪೀಪಾಯಿಯೇ.

ಅಳಿವೆಯ ಆಚೆ ದಡದಲ್ಲಿ ಬ್ಲೇ. ಮೇಲೆ ಕೋಟೆ, ಕೆಳಗೆ ಹಡಗುಕಟ್ಟೆ, ಬಸ್ಸೇ ಬೇಡ. 1680ರ ದಶಕದಲ್ಲಿ ವೋಬಾಂ ಅನ್ನುವ ಸೇನಾ ಎಂಜಿನಿಯರ್ ಇದನ್ನು ಕಟ್ಟಿಸಿದ. ಆಗಿನ ಫಿರಂಗಿ ಗುಂಡು ಇಷ್ಟು ಅಗಲದ ನೀರನ್ನು ದಾಟುತ್ತಿರಲಿಲ್ಲ. ಅದಕ್ಕೇ ಈ ದಡದಲ್ಲೊಂದು, ಆಚೆ ದಡದಲ್ಲೊಂದು, ನಡುವಿನ ದ್ವೀಪದಲ್ಲೊಂದು ಕೋಟೆ. ಮೂರೂ ಸೇರಿ 2008ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದಿವೆ. ಕೋಟೆ ಗೋಡೆ ಮೇಲೆ ಸಂಜೆ ಕೂತರೆ ಅಳಿವೆ ತಾಮ್ರದ ತಟ್ಟೆಯಂತೆ ಕಾಣುತ್ತದೆ. ಕೆಸರಿನ ಬಣ್ಣದ ಮೇಲಿದ್ದ ನನ್ನ ಮುನಿಸು ಹೋಗಿದ್ದು ಅಲ್ಲಿ.

ಲಿಬೂರ್ನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂತೆ ಚೆನ್ನಾಗಿದೆ, ಫ್ರೆಂಚ್ ಮಕ್ಕಳು ಸಾಂಟಾ ಕ್ಲಾಸ್‌ಗೆ ಬರೆದ ಪತ್ರಗಳಿಗೆ ಉತ್ತರ ಬರೆಯುವ ಅಂಚೆ ಕಚೇರಿ ಈ ಊರಿನಲ್ಲಿದೆ. ನಂದಿ ಬೆಟ್ಟದ ಬುಡದ ಗ್ರೋವರ್ ದ್ರಾಕ್ಷಿ ತೋಟಕ್ಕೆ 1990ರ ದಶಕದಿಂದ ಸಲಹೆ ಕೊಟ್ಟ ವೈನ್ ತಜ್ಞ ಮಿಶೆಲ್ ರೊಲಾಂ ಹುಟ್ಟಿದ್ದೂ ಇಲ್ಲೇ.

ಇಲ್ಲಿಂದ ಬಸ್ಸಿನಲ್ಲಿ ಸೇಂತ್ ಎಮಿಲಿಯೋಂ. ದ್ರಾಕ್ಷಿ ತೋಟಗಳ ನಡುವೆ ಗುಡ್ಡದ ಮೇಲೆ ಕೂತ ಸುಣ್ಣಕಲ್ಲಿನ ಊರು, 1999ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ನೆಲದಡಿ ಬಂಡೆಯನ್ನೇ ಕೊರೆದು ಮಾಡಿದ ಚರ್ಚ್ ತಪ್ಪಿಸಬೇಡಿ. ಅಜಂತಾ, ಬಾದಾಮಿ ನೋಡಿ ಬೆಳೆದ ನಮಗೆ ಕೊರೆದ ಗುಹೆ ಹೊಸದಲ್ಲ ಅನ್ನಿಸಬಹುದು, ಆದರೆ ತಲೆ ಮೇಲೆ ಇಡೀ ಗಂಟೆಗೋಪುರ ನಿಂತಿದೆ ಅನ್ನುವುದು ಗೊತ್ತಾದಾಗ ಮೈ ಜುಮ್ಮೆನ್ನುತ್ತದೆ. ಗೈಡ್ ಜೊತೆ ಮಾತ್ರ ಒಳಗೆ ಬಿಡುತ್ತಾರೆ, ಪ್ರವಾಸಿ ಕಚೇರಿಯಲ್ಲಿ ಮೊದಲೇ ಹೊತ್ತು ಕಾಯ್ದಿರಿಸಿ. ಓಣಿಗಳು ಕಡಿದು, ಕಲ್ಲು ನುಣುಪು. ಹಿಮ್ಮಡಿ ಎತ್ತರದ ಚಪ್ಪಲಿ ಹಡಗಿನಲ್ಲೇ ಬಿಟ್ಟುಬನ್ನಿ. ಅಕ್ಕನ ಮೊಣಕಾಲಿಗೆ ಇಳಿಜಾರು ಕಷ್ಟವಾಯಿತು, ನಾವು ಮೇಲಿನ ಚೌಕದಲ್ಲೇ ಅರ್ಧ ದಿನ ಕಳೆದೆವು.

ಹೆಜ್ಜೆ 7: ರುಚಿ ನೋಡುವುದು

ವೈನ್ ಪಾಠ ಕಲಿತು ಹೋಗಬೇಕಿಲ್ಲ. ಮೂರು ವಿಷಯ ಗೊತ್ತಿದ್ದರೆ ಸಾಕು.

ಉಗಿಯಬಹುದು. ಬೆಳಿಗ್ಗೆ ಹತ್ತಕ್ಕೇ ನಾಲ್ಕು ವೈನ್ ಸುರಿಯುತ್ತಾರೆ, ಮಧ್ಯಾಹ್ನ ಇನ್ನೊಂದು ತೋಟ. ಎಲ್ಲ ನುಂಗಿದರೆ ಊಟದ ಹೊತ್ತಿಗೆ ಬಸ್ಸಿನಲ್ಲಿ ಗೊರಕೆ. ಮೇಜಿನ ಮೇಲೆ ಅದಕ್ಕೇ ಪಾತ್ರೆ ಇಟ್ಟಿರುತ್ತಾರೆ. ವೈನ್ ಮಾಡುವವರೇ ಉಗಿಯುತ್ತಾರೆ, ಸಂಕೋಚ ಬೇಡ.

ಹೂ, ಹಣ್ಣು, ಚರ್ಮ, ಹೊಗೆ ಅಂತ ಗೈಡ್ ಪಟ್ಟಿ ಹೇಳುತ್ತಾ ಹೋದಾಗ ನಿಮಗೇನೂ ಸಿಗಲಿಲ್ಲ ಅಂತ ಬೇಜಾರಾಗಬೇಡಿ. ಅವರು ಬೆರ್ರಿ ತಿಂದು ಬೆಳೆದವರು. ನಮ್ಮ ನಾಲಿಗೆಗೆ ನಮ್ಮದೇ ನೆನಪು. ಅವರು ಟ್ಯಾನಿನ್ ಅನ್ನುವುದಕ್ಕೆ ನಮ್ಮಲ್ಲಿ ಎಷ್ಟು ಚೆನ್ನಾದ ಪದ ಇದೆ: ಒಗರು. ನೇರಳೆ ಹಣ್ಣು ತಿಂದಮೇಲೆ ಬಾಯಿ ಎಳೆದುಕೊಳ್ಳುತ್ತದಲ್ಲ, ಎಳೆಯ ಮೆಡಾಕ್ ವೈನ್ ಹಾಗೇ. ಅದು ಸಿಪ್ಪೆ, ಬೀಜದಿಂದ ಬರುವ ಗುಣ. ವರ್ಷ ಕಳೆದಂತೆ ಒಗರು ಮೆದುವಾಗುತ್ತದೆ, ಬಾಟಲಿಯನ್ನು ನೆಲಮಾಳಿಗೆಯಲ್ಲಿ ಕೂಡಿಡುವುದು ಅದಕ್ಕೇ. ಬಲದಂಡೆಯ ಮೆರ್ಲೊ ಮೊದಲಿನಿಂದಲೇ ಸ್ವಲ್ಪ ಮೃದು. ಹೊಸಬರಿಗೆ ಅದೇ ಹಿಡಿಸುವುದು ಜಾಸ್ತಿ.

ಸೆಂಟ್ ಹಾಕಿಕೊಂಡು ಹೋಗಬೇಡಿ. ಉಳಿದವರ ಮೂಗೂ ಕೆಡುತ್ತದೆ.

ಕುಡಿಯದವರು ಸುಮ್ನೆ ಬಸ್ಸಿನಲ್ಲಿ ಕೂರುವ ಅಗತ್ಯವಿಲ್ಲ. ಗ್ಲಾಸ್ ತಿರುಗಿಸಿ ಮೂಸಿ ನೋಡಿದರೂ ಅರ್ಧ ಆಟ ಆಯಿತು. ಕೆಲವು ತೋಟದಲ್ಲಿ ದ್ರಾಕ್ಷಿ ರಸ ಕೊಡುತ್ತಾರೆ. ಬೋರ್ಡೊದಲ್ಲಿ 2016ರಲ್ಲಿ ತೆರೆದ ಸಿತೆ ದ್ಯು ವ್ಯಾಂ ಅನ್ನುವ ವೈನ್ ವಸ್ತುಸಂಗ್ರಹಾಲಯದಲ್ಲಿಯೂ ಟಿಕೆಟ್ ಜೊತೆ ಸಿಗುವ ಗ್ಲಾಸನ್ನು ವೈನ್ ಬದಲು ರಸವಾಗಿ ತೆಗೆದುಕೊಳ್ಳಬಹುದು. ಮೇಲಿನ ಅಂತಸ್ತಿನಲ್ಲಿ ನಿಂತು ನದಿಯ ತಿರುವು ನೋಡುತ್ತಾ ಅಕ್ಕ ಎರಡು ಗ್ಲಾಸ್ ರಸ ಕುಡಿದಳು, ಎರಡನೆಯದು ನನ್ನ ಪಾಲಿನದು.

ಹೆಜ್ಜೆ 8: ಸಸ್ಯಾಹಾರಿಗಳ ಊಟ

ಇದನ್ನು ಎಲ್ಲಕ್ಕಿಂತ ಮೊದಲು, ಹಣ ಕಟ್ಟುವಾಗಲೇ ಬರೆದು ತಿಳಿಸಿ. ನಮ್ಮ ಏಜೆಂಟ್ ‘ಹೇಳಿದ್ದೀನಿ ಮೇಡಂ’ ಅಂದವರು ಹಡಗಿಗೆ ಹೇಳಿಯೇ ಇರಲಿಲ್ಲ. ಮೊದಲ ರಾತ್ರಿ ಅಕ್ಕನಿಗೆ ಸಿಕ್ಕಿದ್ದು ಬ್ರೆಡ್ಡು, ಬೆಣ್ಣೆ, ಎಲೆಗಳು. ಮರುದಿನ ನಾನೇ ಅಡುಗೆ ಮುಖ್ಯಸ್ಥನ ಹತ್ತಿರ ಹೋಗಿ ಕೂತು ಪಟ್ಟಿ ಮಾಡಿಸಿದೆ, ಆಮೇಲೆ ತೊಂದರೆ ಆಗಲಿಲ್ಲ. ಹೊರಡುವ ಎರಡು ವಾರ ಮುಂಚೆ ಹಡಗಿನ ಕಂಪನಿಗೇ ನೇರವಾಗಿ ಇಮೇಲ್ ಹಾಕಿ, ಉತ್ತರ ಬಂದಿದ್ದನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

‘ವೆಜಿಟೇರಿಯನ್’ ಅಂದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಮಾಂಸ ಬೇಯಿಸಿದ ನೀರೂ ಬೇಡ ಅಂತ ಬಿಡಿಸಿ ಹೇಳಿ. ದಡದ ಹೋಟೆಲಿನಲ್ಲಿ ‘ಸಾಂ ವಿಯಾಂದ್, ಸಾಂ ಪ್ವಾಸೋಂ’ (ಮಾಂಸವಿಲ್ಲದೆ, ಮೀನಿಲ್ಲದೆ) ಅಂದರೆ ಅರ್ಥವಾಗುತ್ತದೆ. ಈರುಳ್ಳಿ ಸೂಪಿನಲ್ಲಿ ದನದ ಮಾಂಸದ ರಸ ಇರುತ್ತದೆ. ಆಲೂಗಡ್ಡೆಯನ್ನು ಬಾತುಕೋಳಿ ಕೊಬ್ಬಿನಲ್ಲಿ ಹುರಿಯುವುದು ಈ ಕಡೆ ಮಾಮೂಲು. ಕೇಳದೆ ಬಾಯಿಗೆ ಹಾಕಬೇಡಿ. ಹಲವು ಹಳೆಯ ಬಗೆಯ ಚೀಸ್‌ನಲ್ಲಿ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇನ್ನೂ ಒಂದು ಹೇಳಿಬಿಡುತ್ತೇನೆ: ಕೆಂಪು ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿಭಾಗ ಹಾಕುವುದು ಬೋರ್ಡೊದ ಹಳೆಯ ಪದ್ಧತಿ. ಉಳಿದ ಹಳದಿಯಿಂದಲೇ ಕನೆಲೆ ಅನ್ನುವ ಇಲ್ಲಿನ ಪುಟ್ಟ ಕಂದು ತಿಂಡಿ ಹುಟ್ಟಿತು ಅಂತ ಕಥೆ. ಕನೆಲೆಯಲ್ಲಿ ರಮ್ ಕೂಡ ಇರುತ್ತದೆ. ಮೊಟ್ಟೆ ತಿನ್ನುವವರು ಮಾತ್ರ ಬಿಡಬೇಡಿ, ಹೊರಗೆ ಗರಿಗರಿ, ಒಳಗೆ ಗಿಣ್ಣಿನಷ್ಟು ಮೆತ್ತಗೆ.

ಅವಲಕ್ಕಿ, ಚಟ್ನಿಪುಡಿ ಒಂದು ಡಬ್ಬಿ ಇರಲಿ. ಹಡಗಿನಲ್ಲಿ ಬಿಸಿನೀರು ಯಾವಾಗಲೂ ಸಿಗುತ್ತದೆ.

ಹೆಜ್ಜೆ 9: ಬಾಟಲಿ ಮನೆಗೆ ತರುವುದು

ಭಾರತಕ್ಕೆ ಸುಂಕವಿಲ್ಲದೆ ದೊಡ್ಡವರು ತಲಾ 2 ಲೀಟರ್ ಮದ್ಯ ತರಬಹುದು. 750 ಎಂ.ಎಲ್. ಬಾಟಲಿ ಎರಡು ಅಂದರೆ ಒಂದೂವರೆ ಲೀಟರ್. ಉಳಿದ ಜಾಗಕ್ಕೆ ಸೊತೆರ್ನ್‌ನ 375 ಎಂ.ಎಲ್. ಅರ್ಧ ಬಾಟಲಿ ಸರಿಯಾಗಿ ಕೂರುತ್ತದೆ. ಸಿಹಿ ವೈನನ್ನು ಅರ್ಧ ಬಾಟಲಿಯಲ್ಲಿ ಮಾರುವುದು ಅಲ್ಲಿ ಸಾಮಾನ್ಯ. ಎಲ್ಲವೂ ಚೆಕ್ ಇನ್ ಬ್ಯಾಗಿಗೆ, ಸ್ವೆಟರ್ ಸುತ್ತಿ ನಡುವೆ ಇಡಿ. ಒಂದೇ ಅಂಗಡಿಯಲ್ಲಿ 100 ಯೂರೋಗಿಂತ ಜಾಸ್ತಿ ಕೊಂಡರೆ ತೆರಿಗೆ ವಾಪಸಾತಿ ಚೀಟಿ ಕೇಳಿ, ಪಾಸ್‌ಪೋರ್ಟ್ ಜೊತೆಗಿರಲಿ. ವಿಮಾನ ನಿಲ್ದಾಣದಲ್ಲಿ ಪಾಬ್ಲೊ ಅನ್ನುವ ಯಂತ್ರದಲ್ಲಿ ಚೀಟಿ ಸ್ಕ್ಯಾನ್ ಮಾಡಬೇಕು, ಬ್ಯಾಗ್ ಕೊಡುವುದಕ್ಕೆ ಮುಂಚೆ.

ದೊಡ್ಡ ಹೆಸರಿನ ಹಿಂದೆ ಬೀಳಬೇಡಿ. ಬ್ಲೇ, ಅದರ ಹತ್ತಿರದ ಬೂರ್ ಕಡೆಯ ಹೆಸರಿಲ್ಲದ ಬಾಟಲಿಗಳು ಕಡಿಮೆ ಬೆಲೆಗೆ ಸಿಗುತ್ತವೆ, ಊರಿಗೆ ತಂದ ವಾರವೇ ತೆರೆದು ಕುಡಿಯಬಹುದು.

ಕ್ರೂಸ್ ದುಬಾರಿ ಅನ್ನಿಸಿದರೆ

ಹಡಗು ಇಲ್ಲದೆಯೂ ಇದೇ ಸೀಮೆ ನೋಡಬಹುದು. ಬೋರ್ಡೊದಲ್ಲಿ ಒಂದು ರೂಮು ಮಾಡಿ. ನಗರ ಸಾರಿಗೆಯ ಟ್ರಾಮ್ ಟಿಕೆಟ್ಟಿನಲ್ಲೇ ಗರೋನ್ ಮೇಲೆ ಓಡಾಡುವ ದೋಣಿ ಹತ್ತಬಹುದು, ವೈನ್ ವಸ್ತುಸಂಗ್ರಹಾಲಯದ ಹತ್ತಿರವೇ ನಿಲ್ಲುತ್ತದೆ. ಸೇಂತ್ ಎಮಿಲಿಯೋಂಗೆ ಲೋಕಲ್ ರೈಲು ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ. ನಿಲ್ದಾಣದಿಂದ ಊರಿಗೆ ತೋಟಗಳ ನಡುವೆ ಒಂದೂವರೆ ಕಿ.ಮೀ. ನಡಿಗೆ. ಪೊಯಾಕ್‌ಗೂ ರೈಲು ಇದೆ.

ಅಳಿವೆ ದಾಟುವ ಆಸೆ ಇದ್ದರೆ ಮೆಡಾಕ್ ಕಡೆಯ ಲಮಾರ್ಕ್‌ನಿಂದ ಬ್ಲೇಗೆ ಕಾರು, ಸೈಕಲ್ಲು, ಜನ ಎಲ್ಲರನ್ನೂ ಸಾಗಿಸುವ ಫೆರ್ರಿ ಇದೆ. ದಾಟಲು ಅರ್ಧ ಗಂಟೆಯೂ ಬೇಡ. ಕ್ರೂಸಿನವರು ನೋಡುವ ಅದೇ ಕೋಟೆ, ಅದೇ ದ್ವೀಪ ನಿಮಗೂ ಕಾಣುತ್ತದೆ. ವಾಪಸ್ ಬರುವ ಕೊನೆಯ ಫೆರ್ರಿ ಎಷ್ಟು ಹೊತ್ತಿಗೆ ಅಂತ ಹತ್ತುವಾಗಲೇ ನೋಡಿಕೊಳ್ಳಿ. ಜಿರೋಂದ್‌ಗೆ ಒಂದೂ ಸೇತುವೆ ಇಲ್ಲ. ತಪ್ಪಿಸಿಕೊಂಡರೆ ಬೋರ್ಡೊ ಸುತ್ತು ಹಾಕಿಕೊಂಡೇ ಆಚೆ ದಡಕ್ಕೆ ಬರಬೇಕು.